ಚರಂಡಿ ಎಲ್ಲಿ ಮುಗಿಯುತ್ತೆ ಅಂತ ಕೇಳಿ

ಹೋದ ವಾರ ನಮ್ಮ ಬೀದಿಗೆ ಕಾಂಕ್ರೀಟ್ ಚರಂಡಿ ಮಾಡ್ತೀವಿ ಅಂತ ಅಳತೆ ತಗೊಂಡು ಹೋದ್ರು. ಎಲ್ಲರಿಗೂ ಸಂತೋಷ. ಮನೆ ಮುಂದೆ ಕೊಚ್ಚೆ ನಿಲ್ಲಲ್ಲ, ಸೊಳ್ಳೆ ಕಮ್ಮಿ ಆಗುತ್ತೆ. ನಾನು ಒಂದೇ ಮಾತು ಕೇಳಿದೆ, "ಇದು ಕೊನೆಗೆ ಎಲ್ಲಿಗೆ ಹೋಗುತ್ತಪ್ಪ?" ಮೆಂಬರ್ ಹುಡುಗ ನಕ್ಕುಬಿಟ್ಟ. "ಹಳ್ಳಕ್ಕೆ ಅಣ್ಣ, ಇನ್ನೆಲ್ಲಿಗೆ ಬುಡದು?"

ಹಳ್ಳ ಹೋಗೋದು ಕಪಿಲೆಗೆ. ಸುತ್ತೂರು ಜಾತ್ರೇಲಿ ತೆಪ್ಪೋತ್ಸವ ನೋಡಿ ನಾವು ಕೈ ಮುಗಿಯೋದು ಅದೇ ನೀರಿಗೆ. ಅದು ತಿ.ನರಸೀಪುರದ ಸಂಗಮದಲ್ಲಿ ಕಾವೇರಿ ಸೇರುತ್ತೆ. ಅಲ್ಲಿಂದ ಕೆಳಗೆ, ಶಿವನಸಮುದ್ರದ ಕಡೆಯಿಂದ ಬೆಂಗಳೂರಿಗೆ ಕುಡಿಯೋಕೆ ಹೋಗುತ್ತೆ.

ನದಿ ಕೆಟ್ಟಿದೆ ಅಂದ ತಕ್ಷಣ ನಾವು ಪೇಟೆ ಕಡೆ, ಫ್ಯಾಕ್ಟರಿ ಕಡೆ ಕೈ ತೋರಿಸ್ತೀವಿ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನಮ್ಮ ರಾಜ್ಯದ 17 ನದಿಗಳಲ್ಲಿ ಮಲಿನವಾದ ಭಾಗಗಳ ಪಟ್ಟಿ ಮಾಡಿತು. ಕಬಿನಿಯಲ್ಲಿ ನಂಜನಗೂಡಿನಿಂದ ಹೆಜ್ಜಿಗೆವರೆಗೂ ಅದರಲ್ಲಿತ್ತು. ಸರಿ, ಪೈಪಿನಲ್ಲಿ ಬಿಡೋರನ್ನ ಹುಡುಕಬಹುದು, ನಿಲ್ಲಿಸಬಹುದು. ಮಳೆ ಬಂದಾಗ ಹೊಲ, ತಿಪ್ಪೆ, ಬೀದಿ ಎಲ್ಲಾ ತೊಳಕೊಂಡು ಹಳ್ಳಕ್ಕೆ ಇಳಿಯೋದಕ್ಕೆ ಪೈಪೇ ಇಲ್ಲವಲ್ಲ, ನೋಟಿಸ್ ಯಾರಿಗೆ ಕೊಡ್ತಾರೆ?

ನನ್ನದೇ ಹೇಳ್ತೀನಿ. ಎರಡು ವರ್ಷದ ಹಿಂದೆ ಹಳ್ಳದ ಪಕ್ಕದ ಒಂದೆಕರೆ ಭತ್ತದ ಗದ್ದೆಗೆ ಸಂಜೆ ಒಂದು ಮೂಟೆ ಯೂರಿಯಾ ಎರಚಿದೆ. ಗದ್ದೇಲಿ ನೀರು ನಿಂತಿತ್ತು, ಬದುವಿನ ಗಂಡಿ ಮುಚ್ಚಿರಲಿಲ್ಲ. ರಾತ್ರಿ ಮಳೆ ಹುಯ್ತು. ಬೆಳಿಗ್ಗೆ ನೋಡಿದ್ರೆ ಗದ್ದೆ ತುಂಬಿ ಹಳ್ಳಕ್ಕೆ ಧುಮುಕ್ತಾ ಇದೆ. 45 ಕೆ.ಜಿ. ಮೂಟೇಲಿ ಸಾರಜನಕ 20 ಕೆ.ಜಿ. ಮೇಲೆ ಇರುತ್ತೆ. ಬೇವು ಲೇಪಿಸಿದ್ದಾದ್ರೂ ನೀರಲ್ಲಿ ಕರಗೋದೇ. ಪೈರಿಗೆ ಎಷ್ಟು ಸಿಕ್ತೋ, ಹಳ್ಳದ ಪಾಚಿಗೆ, ಅಂತರಗಂಗೆಗೆ ಎಷ್ಟು ಸಿಕ್ತೋ ಶಿವನೇ ಬಲ್ಲ. ಡಿಎಪಿ ಕಥೆ ಬೇರೆ, ಅದರ ರಂಜಕ ಮಣ್ಣಿಗೆ ಅಂಟಿಕೊಂಡಿರುತ್ತೆ. ಮಣ್ಣು ಕೊಚ್ಚಿ ಹೋದ್ರೆ ಅದೂ ಹೋಯ್ತು.

ಈಗ ನೀರು ಬಸಿದು, ಗಂಡಿ ಮುಚ್ಚಿ, ಗೊಬ್ಬರ ಹಾಕಿ, ಎರಡು ದಿನ ಬಿಟ್ಟು ನೀರು ಕಟ್ತೀನಿ. ಇನ್ನೊಂದು ನಿಜಾನೂ ಹೇಳಿಬಿಡ್ತೀನಿ. ನಕ್ಷೆಯಲ್ಲಿ ಹಳ್ಳ ಬಿ ಖರಾಬು, ಅಗಲವಾಗಿದೆ. ಸ್ಥಳದಲ್ಲಿ ಹೋಗಿ ನೋಡಿದ್ರೆ ಅರ್ಧ ಇಲ್ಲ. ಎರಡೂ ಕಡೆಯೋರು ಒತ್ತಿದ್ದೀವಿ, ನಮ್ಮಪ್ಪನ ಕಾಲದಲ್ಲಿ ನಮ್ಮ ಮನೆಯೋರೂ ಒತ್ತಿದ್ರು. ಹೋದ ವರ್ಷ ಆ ಅಂಚಲ್ಲಿ ಎಂಟು ಅಡಿ ಉಳೋದು ಬಿಟ್ಟು ಲಾವಂಚ, ನೇಪಿಯರ್ ಹುಲ್ಲು ಹಾಕಿದೆ. ಮೊದಲ ಮಳೇಲಿ ಕೆಂಪು ಮಣ್ಣು ಹುಲ್ಲಿನ ಬುಡದಲ್ಲೇ ನಿಂತಿತ್ತು. ಹಸುಗೆ ಮೇವೂ ಆಯ್ತು. ಮನೆಯವಳು ಮಾತ್ರ ಎರಡು ಮೂಟೆ ಭತ್ತ ಹೋಯ್ತು ಅಂತ ಇವತ್ತಿಗೂ ಅಂತಾಳೆ. ಅವಳ ಲೆಕ್ಕ ತಪ್ಪಲ್ಲ.

ಈಗ ಚರಂಡಿಗೆ ಬರೋಣ. ಜಲಜೀವನ್ ಯೋಜನೇಲಿ ತಲೆಗೆ ದಿನಕ್ಕೆ 55 ಲೀಟರ್ ನೀರು ಅಂತ ಲೆಕ್ಕ. ಐದು ಜನದ ಮನೆಗೆ 275 ಲೀಟರ್. ಕುಡಿದು, ಬೇಯಿಸಿ ಉಳಿದಿದ್ದು 200 ಲೀಟರ್ ಆದ್ರೂ ಬಚ್ಚಲಿಂದ ಆಚೆ ಬರುತ್ತೆ. ಇನ್ನೂರು ಮನೆ ಇದ್ರೆ ದಿನಕ್ಕೆ 40,000 ಲೀಟರ್! ಮೊದಲು ಬಚ್ಚಲ ನೀರು ತೆಂಗಿನ ಬುಡಕ್ಕೆ, ಬಾಳೆ ಬುಡಕ್ಕೆ ಹೋಗ್ತಿತ್ತು, ಮಣ್ಣಿನ ಮೋರೀಲಿ ಅಷ್ಟೋ ಇಷ್ಟೋ ಇಂಗ್ತಿತ್ತು. ಕಾಂಕ್ರೀಟ್ ಮಾಡಿದ್ರೆ ಒಂದು ತೊಟ್ಟೂ ಇಂಗದೆ ಸೋಪು, ಸಗಣಿ ಸಮೇತ ಹಳ್ಳಕ್ಕೆ. ಬೀದಿ ಕ್ಲೀನು, ಹಳ್ಳ ಹಾಳು. ಆ ಹಳ್ಳದಲ್ಲೇ ನಮ್ಮ ದನ ನೀರು ಕುಡಿಯೋದು.

ಇಂಗುಗುಂಡಿ ಮಾಡಿ ಅಂತಾರೆ. ಒಳ್ಳೇದೇ, ಆದ್ರೆ ಎಲ್ಲಾ ಕಡೆ ಆಗಲ್ಲ. ನಾಲೆ ನೀರು ಬಿಟ್ಟ ಮೇಲೆ ತಗ್ಗಿನ ಬೀದೀಲಿ ಎರಡಡಿ ಅಗೆದ್ರೆ ನೀರು. ಅಲ್ಲಿ ಗುಂಡಿ ತುಂಬಿ ಮೇಲೇ ಉಕ್ಕುತ್ತೆ, ಆಮೇಲೆ ಜನ ಸ್ಕೀಮನ್ನ ಬೈತಾರೆ. ಮೇಲಿನ ಬೀದಿಗೆ ಮನೆ ಮನೆ ಇಂಗುಗುಂಡಿ ಮಾಡಲಿ. ತಗ್ಗಿನ ಬೀದಿಗೆ ಚರಂಡಿಯೇ ಇರಲಿ, ಆದ್ರೆ ಹಳ್ಳಕ್ಕೆ ಮೊದಲು ಮಡ್ಡಿ ಕೂರೋ ಒಂದು ತೊಟ್ಟಿ, ಅದರ ಮುಂದೆ ಕಾಬಾಳೆ, ಜೊಂಡು ಹಾಕಿದ ಆಳವಿಲ್ಲದ ಹೊಂಡ. ತೊಟ್ಟಿ ಮಡ್ಡಿ ತೆಗೆಯೋಕೆ ವರ್ಷಕ್ಕೆ ಇಂತಿಷ್ಟು ದುಡ್ಡು ಅಂತ ಮೊದಲೇ ಬರೆದಿಡಬೇಕು, ಇಲ್ಲಾಂದ್ರೆ ಅದೇ ಸೊಳ್ಳೆ ಸಾಕೋ ಜಾಗ ಆಗುತ್ತೆ.

ದುಡ್ಡಿಲ್ಲ ಅನ್ನೋದನ್ನ ನಾನು ಪೂರ್ತಿ ಒಪ್ಪಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಸ್ವಚ್ಛ ಭಾರತದ ಎರಡನೇ ಹಂತದಲ್ಲೂ ಬಚ್ಚಲ ನೀರಿನ ಕೆಲಸ ಇದೆ. ಆದ್ರೆ ಹಳ್ಳದಂಚಲ್ಲಿ ಹುಲ್ಲಿಗೆ ಜಾಗ ಬಿಟ್ಟ ರೈತನಿಗೆ ಪಂಚಾಯ್ತಿ ಒಂದೇ ಏನೂ ಕೊಡೋಕಾಗಲ್ಲ ಅನ್ನೋದು ನಿಜ. ಅಮೆರಿಕದ ನ್ಯೂಯಾರ್ಕ್ ನಗರ ಏನು ಮಾಡಿತು ಗೊತ್ತಾ? ತಮಗೆ ನೀರು ಬರೋ ಬೆಟ್ಟದ ಸೀಮೆಯೋರ ಜೊತೆ 1997ರಲ್ಲಿ ಒಪ್ಪಂದ ಮಾಡಿಕೊಳ್ತು. ಅಲ್ಲಿನ ಹೈನುಗಾರರು ತೊರೆ ಪಕ್ಕ ಬೇಲಿ ಹಾಕೋಕೆ, ಸಗಣಿ ಗುಂಡಿ ಕಟ್ಟೋಕೆ ನಗರದ ದುಡ್ಡೇ ಹೋಗುತ್ತೆ. ಶುದ್ಧೀಕರಣದ ದೊಡ್ಡ ಘಟಕ ಕಟ್ಟೋದಕ್ಕಿಂತ ಅದೇ ಅಗ್ಗ ಅಂತ ಅವರ ಲೆಕ್ಕ. ಬೆಂಗಳೂರಿನ ನೀರಿನ ಬಿಲ್ಲಲ್ಲಿ ನಾಲ್ಕು ಕಾಸು ಸಂಗಮದ ಮೇಲಿನ ಪಂಚಾಯ್ತಿಗಳಿಗೆ ಬಂದ್ರೆ ತಪ್ಪೇನು?

ಅದು ದೊಡ್ಡೋರ ಮಾತು, ಆಗೋವಾಗ ಆಗಲಿ. ಗ್ರಾಮಸಭೇಲಿ ನಾನು ಕೇಳೋದು ಇಷ್ಟೇ: ಚರಂಡಿ ಎಸ್ಟಿಮೇಟಿನಲ್ಲಿ ಕೊನೆಯ ಇಪ್ಪತ್ತು ಅಡಿಗೆ ಏನು ಬರೆದಿದ್ದೀರಿ, ಓದಿ. ತೊಟ್ಟಿ, ಹೊಂಡ ಸೇರಿಸೋವರೆಗೂ ಕಾಂಕ್ರೀಟ್ ಹಾಕಬೇಡಿ ಅಂತ ನಡಾವಳಿಯಲ್ಲಿ ಬರೆಸ್ತೀನಿ. ಅಭಿವೃದ್ಧಿಗೆ ಅಡ್ಡಗಾಲು ಅಂತ ನಮ್ಮ ಬೀದಿಯೋರೇ ಬೈಬಹುದು. ಮೆಂಬರ್ ಹುಡುಗ ಆಗಲೇ ಮುಖ ತಿರುಗಿಸಿಕೊಂಡು ಓಡಾಡ್ತಾ ಇದ್ದಾನೆ.

ಲಾವಂಚದ ಬುಡ ಚೆನ್ನಾಗಿ ಕವಲೊಡೆದಿದೆ. ಹಳ್ಳದ ಪಕ್ಕ ಜಮೀನಿರೋರು ಭಾನುವಾರ ಬೆಳಿಗ್ಗೆ ಬನ್ನಿ, ಕಿತ್ತು ಕೊಡ್ತೀನಿ. ಗೋಣಿಚೀಲ ನೀವೇ ತನ್ನಿ.