ಎರಡು ತಿಂಗಳು, ಒಂದು ಹೆಬ್ಬೆಟ್ಟು

ಬೆಂಗಳೂರಿನ ವೈದ್ಯಕೀಯ ಸಂಸ್ಥೆಯೊಂದರ ನೈತಿಕತಾ ಸಮಿತಿಯಲ್ಲಿ ನಾನು ಕೆಲವು ವರ್ಷ ಸದಸ್ಯನಾಗಿದ್ದೆ. ನಾನು ವೈದ್ಯನಲ್ಲ, ನಿಯಮದ ಪ್ರಕಾರ ಇಂಥ ಸಮಿತಿಯಲ್ಲಿ ಇರಲೇಬೇಕಾದ ಜನಸಾಮಾನ್ಯರ ಪ್ರತಿನಿಧಿ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಸಂಶೋಧನಾ ಪ್ರಸ್ತಾವಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ಅಂಥದೊಂದರ ಸಮ್ಮತಿ ಪತ್ರದಲ್ಲಿ ‘ಪ್ರತಿಕೂಲ ಘಟನೆ ಸಂಭವಿಸಿದಲ್ಲಿ ಪ್ರಧಾನ ಅನ್ವೇಷಕರನ್ನು ಸಂಪರ್ಕಿಸತಕ್ಕದ್ದು’ ಎಂದಿತ್ತು. ಹಳ್ಳಿಯಿಂದ ಬಂದ ಸಕ್ಕರೆ ಕಾಯಿಲೆಯ ರೋಗಿಗೆ ಇದನ್ನು ಹೇಗೆ ತಿಳಿಸುತ್ತೀಯಮ್ಮಾ ಎಂದು ಕೇಳಿದೆ. ‘ತಿಳಿಸೋಕೆ ಟೈಮ್ ಇರಲ್ಲ ಸರ್, ಸಹಿ ತಗೋತೀವಿ’ ಎಂದಳು ಆ ಹುಡುಗಿ. ಅವಳ ಪ್ರಾಮಾಣಿಕತೆಗೆ ನಾನು ಇಂದಿಗೂ ಋಣಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಲ್ಲಿ ಆರಂಭಿಸಿದ ಅಲ್ಪಾವಧಿ ವಿದ್ಯಾರ್ಥಿ ಸಂಶೋಧನಾ ಯೋಜನೆ ಈ ದೇಶದ ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳಿಗೆ ಸಂಶೋಧನೆಯ ಹೆಬ್ಬಾಗಿಲು. ಅವಧಿ ಎರಡು ತಿಂಗಳು. ಕೈಗೆ ಹಣ ಬರುವುದು ಅಂತಿಮ ವರದಿ ಒಪ್ಪಿಗೆಯಾದ ಮೇಲೆ. ಹಾಗಾಗಿ ವಿದ್ಯಾರ್ಥಿಯ ಕಣ್ಣೆಲ್ಲ ಮಾದರಿಯ ಸಂಖ್ಯೆ ತುಂಬುವುದರ ಮೇಲೆ. ನೈತಿಕತಾ ಸಮಿತಿಯ ಅನುಮತಿ ಎಂಬುದು ಅವರ ಪಾಲಿಗೆ ದಾಟಬೇಕಾದ ಒಂದು ಸುಂಕದ ಕಟ್ಟೆ. ನೈತಿಕತೆಯೇ ಸಂಶೋಧನೆಯ ವಿಷಯವಾಗಬಹುದೆಂದು ಅವರಿಗೆ ಹೇಳುವವರು ತೀರಾ ಕಡಿಮೆ.

ಇದು ಪುಸ್ತಕದ ಬದನೆಕಾಯಿ ಎನ್ನುವವರು 2009ರ ಎಚ್‌ಪಿವಿ ಲಸಿಕೆ ಅಧ್ಯಯನವನ್ನು ನೆನೆಯಬೇಕು. ಅಂದಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಸಾವಿರಾರು ಬಾಲಕಿಯರಿಗೆ ಲಸಿಕೆ ಹಾಕಲಾಯಿತು. ಬುಡಕಟ್ಟು ಮಕ್ಕಳ ಹಾಸ್ಟೆಲುಗಳಲ್ಲಿ ತಂದೆತಾಯಿಯರ ಬದಲು ವಾರ್ಡನ್‌ಗಳೇ ಅನೇಕ ಸಮ್ಮತಿ ಪತ್ರಗಳಿಗೆ ಸಹಿ ಹಾಕಿದ್ದರು. 2010ರ ಏಪ್ರಿಲ್‌ನಲ್ಲಿ ಅಧ್ಯಯನ ನಿಂತಿತು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಅದನ್ನು ಕಟುವಾಗಿ ಖಂಡಿಸಿತು. ಕೆಲವು ಬಾಲಕಿಯರ ಸಾವಿಗೂ ಲಸಿಕೆಗೂ ಸಂಬಂಧವಿರಲಿಲ್ಲವೆಂದೇ ತನಿಖೆ ಹೇಳಿತ್ತು. ಆದರೆ ಸಮ್ಮತಿಯ ಲೋಪಕ್ಕೆ ಅದು ಉತ್ತರವಲ್ಲ. ಒಳ್ಳೆಯ ಲಸಿಕೆಯೊಂದರ ಮೇಲೆ ಜನರ ವಿಶ್ವಾಸ ಕುಂದಲು ಆ ಲೋಪವೂ ಕಾರಣವಾಯಿತು.

ಹೊಸ ಪಠ್ಯಕ್ರಮ 2019ರಿಂದ ಎಂಬಿಬಿಎಸ್‌ನಲ್ಲಿ ನೈತಿಕತೆ ಮತ್ತು ಸಂವಹನದ ಪಾಠಗಳನ್ನು ಕಡ್ಡಾಯಗೊಳಿಸಿದೆ. ಸ್ವಾಗತಾರ್ಹವೇ. ಆದರೆ ತರಗತಿಯಲ್ಲಿ ಕೇಳಿದ್ದು ವಾರ್ಡಿನ ಬಾಗಿಲಲ್ಲೇ ಉಳಿಯುತ್ತದೆ. ಸಹಿ ಮಾಡಿದ ಹತ್ತು ನಿಮಿಷದ ಬಳಿಕ ರೋಗಿಗೆ ಏನು ನೆನಪಿದೆ? ಸಂಶೋಧನೆಯನ್ನು ಆತ ಚಿಕಿತ್ಸೆಯೆಂದೇ ತಿಳಿದಿದ್ದಾನೆಯೇ? ಒಲ್ಲೆ ಎಂದರೆ ಡಾಕ್ಟರು ಮುನಿಸಿಕೊಂಡಾರೆಂಬ ಅಂಜಿಕೆ ಎಷ್ಟು? ಇವುಗಳಿಗೆ ಪ್ರಯೋಗಾಲಯ ಬೇಡ, ದುಬಾರಿ ಯಂತ್ರ ಬೇಡ. ಎರಡು ತಿಂಗಳು, ಒಂದು ಬೆಂಚು, ಆಡುಮಾತಿನ ಕನ್ನಡ ಸಾಕು. ಐಸಿಎಂಆರ್‌ನ 2017ರ ಮಾರ್ಗಸೂಚಿ, ಓದು ಬಾರದವರ ಸಮ್ಮತಿಗೆ ನಿಷ್ಪಕ್ಷಪಾತ ಸಾಕ್ಷಿ ಇರಬೇಕೆನ್ನುತ್ತದೆ. ಆ ಸಾಕ್ಷಿ ಯಾರಾಗಿರುತ್ತಾರೆ, ವಾರ್ಡ್ ಬಾಯ್‌ಯೇ ಎಂದು ನೋಡುವುದೇ ಒಂದು ಒಳ್ಳೆಯ ಅಧ್ಯಯನ.

ಮಾರ್ಗದರ್ಶಕರೆಲ್ಲಿ ಎಂಬ ಆಕ್ಷೇಪ ನಿಜ. ಪ್ರಾಧ್ಯಾಪಕರಿಗೆ ಬೇಕಾದದ್ದು ಅಂಕಿಅಂಶದ ಪ್ರಬಂಧ. ಆದರೆ ಮಂಡಳಿಯ ಜೈವಿಕ ನೈತಿಕತಾ ಘಟಕ ನೆಲೆಗೊಂಡದ್ದೇ ಬೆಂಗಳೂರಿನಲ್ಲಿ. ಸೇಂಟ್ ಜಾನ್ಸ್‌ನಂಥ ಕಾಲೇಜಿನಲ್ಲಿ ಈ ವಿಷಯದ ಬೋಧನೆಗೆ ಹಳೆಯ ಪರಂಪರೆಯಿದೆ. ಈ ನಗರಕ್ಕೆ ಪರಿಣತರ ಬರವಿಲ್ಲ. ನನ್ನ ತಕರಾರು ಬೇರೆ: ನರ್ಸಿಂಗ್, ಕಾನೂನು, ಸಮಾಜಕಾರ್ಯ ಓದುವವರಿಗೆ ಈ ಯೋಜನೆಯಲ್ಲಿ ಜಾಗವಿಲ್ಲ. ರೋಗಿಯ ಪಕ್ಕ ಹೆಚ್ಚು ಹೊತ್ತು ಇರುವವಳು ನರ್ಸ್. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೇಸಿಗೆ ಶಿಬಿರದಲ್ಲಿ ನಾನಾ ಶಾಸ್ತ್ರಗಳ ವಿದ್ಯಾರ್ಥಿಗಳು ಒಟ್ಟಿಗೆ ಕೂರುತ್ತಾರೆ, ಆದರೆ ಅಲ್ಲಿ ಶುಲ್ಕ ತೆರಬೇಕು. ನಮ್ಮದು ಹಣ ಕೊಡುವ ಯೋಜನೆ. ರಾಯಚೂರಿನ ಬಡ ವಿದ್ಯಾರ್ಥಿನಿಗೂ ಎಟಕುವಂಥದ್ದು. ಬಾಗಿಲನ್ನು ಇನ್ನಷ್ಟು ಅಗಲ ಮಾಡಲು, ನೈತಿಕತೆಗೆಂದೇ ಕೆಲವು ಸ್ಥಾನ ಮೀಸಲಿಡಲು ಹೊಸ ಕಾನೂನೇನೂ ಬೇಡ.

ಆ ಹುಡುಗಿಯ ಪತ್ರವನ್ನು ಸಮಿತಿ ತಿದ್ದಲು ಹೇಳಿತು. ಎರಡು ವಾರದ ನಂತರ ಅರ್ಧ ಪುಟದ ಕನ್ನಡದೊಂದಿಗೆ ಮರಳಿದಳು: ‘ಏನಾದರೂ ತೊಂದರೆಯಾದರೆ ಈ ನಂಬರಿಗೆ ಫೋನ್ ಮಾಡಿ. ಬೇಡ ಅನ್ನಿಸಿದರೆ ಬೇಡ ಎನ್ನಿ, ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ.’ ಅದನ್ನು ಓದಿ ಹೇಳತೊಡಗಿದ ಮೇಲೆ ಕೆಲವರು ನಿಜವಾಗಿಯೂ ಬೇಡ ಎಂದರು. ಮಾದರಿ ತುಂಬಲಿಲ್ಲವೆಂದು ಮಾರ್ಗದರ್ಶಕರು ಗೊಣಗಿದರು. ಒಲ್ಲೆ ಎಂದವರ ಬಗ್ಗೆ ಬರೆಯಲು ವರದಿಯಲ್ಲಿ ಎಲ್ಲಿ ಜಾಗವಿದೆ ಎಂದು ಅವಳು ನನ್ನನ್ನು ಕೇಳಿದಳು. ನಮೂನೆಯನ್ನು ತಿರುವಿ ನೋಡಿದೆ. ಅಂಥ ಕಾಲಂ ಇರಲಿಲ್ಲ.