1,200 ಕೆಲಸ ಸರಿ, ಸಹಿ ಯಾರದು?

ದೇವನಹಳ್ಳಿ ಏರ್‌ಪೋರ್ಟ್‌ನಲ್ಲಿ ಏರ್ ಇಂಡಿಯಾ 35 ಎಕರೆಯಲ್ಲಿ ವಿಮಾನ ರಿಪೇರಿ ಕೇಂದ್ರಕ್ಕೆ 2024ರಲ್ಲಿ ಭೂಮಿಪೂಜೆ ಮಾಡಿತಲ್ಲ, ಆ ಸುದ್ದಿಯಲ್ಲಿ ಜನಕ್ಕೆ ನೆನಪುಳಿದಿದ್ದು ಒಂದೇ ಸಂಖ್ಯೆ: 1,200 ಉದ್ಯೋಗ. ಅವತ್ತಿಂದ ನಮ್ಮ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿನಲ್ಲಿ ಪಿಯುಸಿ ಸೈನ್ಸ್ ಮುಗಿಸಿದ ಮಕ್ಕಳಿಗೆಲ್ಲ ಒಂದೇ ಸಲಹೆ. "ಏರ್‌ಕ್ರಾಫ್ಟ್ ಮೆಂಟೆನೆನ್ಸ್‌ಗೆ ಸೇರಿಸಿ."

ಸಲಹೆಯೇನೂ ತಪ್ಪಲ್ಲ. 2023 ಒಂದೇ ವರ್ಷದಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ವಿಮಾನವನ್ನ ಕಾರ್ ಥರ ಕೆಟ್ಟಾಗ ಗ್ಯಾರೇಜಿಗೆ ಬಿಡೋ ಹಾಗಿಲ್ಲ. ಇಷ್ಟು ಗಂಟೆ ಹಾರಿದ ಮೇಲೆ, ಇಷ್ಟು ಸಲ ಇಳಿದ ಮೇಲೆ, ಇಷ್ಟು ತಿಂಗಳಾದ ಮೇಲೆ ಚೆಕ್ ಆಗಲೇಬೇಕು. ದೊಡ್ಡ ಚೆಕ್ ಅಂದ್ರೆ ಸೀಟು, ನೆಲದ ಹಲಗೆ ಎಲ್ಲ ಕಿತ್ತು, ಎಲ್ಲಿ ತುಕ್ಕು, ಎಲ್ಲಿ ಬಿರುಕು ಅಂತ ಟಾರ್ಚ್ ಹಿಡಿದು ಹುಡುಕೋದು. ಇಂಥ ಕೆಲಸ ವಿದೇಶಕ್ಕೆ ಹೋಗದೆ ಇಲ್ಲೇ ಆಗಲಿ ಅಂತ ಸರ್ಕಾರ 2020ರಲ್ಲಿ ಇದರ ಜಿಎಸ್‌ಟಿಯನ್ನ ಶೇ. 18ರಿಂದ ಶೇ. 5ಕ್ಕೆ ಇಳಿಸಿತು.

ಆದ್ರೆ ಹ್ಯಾಂಗರಿನಲ್ಲಿ ಎಲ್ಲ ಕೆಲಸಾನೂ ಒಂದೇ ಅಲ್ಲ. ಶೀಟ್ ಮೆಟಲ್‌ನವರು, ಸ್ಟೋರ್ಸ್‌ನವರು, ಪ್ಲಾನಿಂಗ್‌ನವರು, ಮೆಕ್ಯಾನಿಕ್‌ಗಳು, ಎಲ್ಲರೂ ಬೇಕು. ತೂಕ ಇರೋದು ಮಾತ್ರ ಸಹಿಗೆ. ಕೊನೆಗೆ ಲೈಸೆನ್ಸ್ ಇರೋ ಎಂಜಿನಿಯರ್ "ಇದು ಹಾರಬಹುದು" ಅಂತ ಸಹಿ ಹಾಕಿದ್ರೇನೇ ವಿಮಾನ ಆಚೆ ಬರೋದು.

ಆ ಲೈಸೆನ್ಸ್ ಕೊಡೋದು ಡಿಜಿಸಿಎ, ಕಾಲೇಜಲ್ಲ. ಬ್ರೋಷರ್‌ನಲ್ಲಿ ಈ ಸಾಲು ಹುಡುಕಿದ್ರೂ ಸಿಗಲ್ಲ (ಪೈಲಟ್ ಫೋಟೋ ಮಾತ್ರ ಇರುತ್ತೆ, ಯಾಕೋ!). ಮಾಡ್ಯೂಲ್ ಪರೀಕ್ಷೆ ಒಂದೊಂದರಲ್ಲೂ ಪಾಸಾಗೋಕೆ ಶೇ. 75 ಬೇಕು. ಮೇಲೆ ಹ್ಯಾಂಗರಿನ ಅನುಭವ. ಆಮೇಲೆ ಏರ್‌ಬಸ್ಸೋ ಬೋಯಿಂಗೋ, ಆಯಾ ಮಾದರಿಯ ಟೈಪ್ ರೇಟಿಂಗ್.

ನನ್ನ ಚಿಕ್ಕಪ್ಪನ ಮಗ ಕೋರ್ಸ್ ಮುಗಿಸಿ ಎರಡು ವರ್ಷ ಆಯ್ತು. ಮೂರು ಮಾಡ್ಯೂಲ್ ಇನ್ನೂ ಬಾಕಿ. ಎಜುಕೇಶನ್ ಲೋನಿನ ಕಂತು ಮಾತ್ರ ಯಾವುದಕ್ಕೂ ಕಾಯದೆ ಶುರುವಾಗಿದೆ. ಚಿಕ್ಕಪ್ಪ ತಮ್ಮ ಪೆನ್ಷನ್‌ನಲ್ಲಿ ಕಟ್ತಿದ್ದಾರೆ. ಹುಡುಗ ಸೋಮಾರಿಯಲ್ಲ. ಅವನ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಅಂದ್ರೆ ಶೆಡ್ಡಿನಲ್ಲಿ ನಿಲ್ಲಿಸಿದ್ದ ಒಂದು ಹಳೇ ಎಂಜಿನ್ನು, ಅಷ್ಟೇ.

ನಿಮ್ಮನೇಲಿ ತಮ್ಮನೋ ತಂಗಿಯೋ ಈ ವರ್ಷ ಸೇರೋರಿದ್ರೆ, ಫೀಸ್ ಕಟ್ಟೋ ಮುಂಚೆ ಸಂಸ್ಥೆಯ ಹೆಸರು ಡಿಜಿಸಿಎಯ ಸಿಎಆರ್-147 ಪಟ್ಟಿಯಲ್ಲಿ ಇದೆಯಾ ನೋಡಿ. ಪ್ರಾಕ್ಟಿಕಲ್ ಯಾವ ಹ್ಯಾಂಗರಿನಲ್ಲಿ, ಎಷ್ಟು ದಿನ ಅಂತ ಕೇಳಿ. ಹಳೇ ಬ್ಯಾಚ್‌ಗಳಲ್ಲಿ ಲೈಸೆನ್ಸ್ ಕೈಗೆ ಬಂದವರು ಎಷ್ಟು ಜನ ಅಂತಾನೂ ಕೇಳಿ. ಪ್ಲೇಸ್‌ಮೆಂಟ್ ಲೆಕ್ಕ ಹೇಳೋಕೆ ಶುರು ಮಾಡಿದ್ರೆ, ಇನ್ನೊಂದ್ಸಲ ಅದನ್ನೇ ಕೇಳಿ.