ಮಗಳ ಕೀಲುಗಳು ಹೆಚ್ಚು ಬಾಗುತ್ತವೆಯೇ?

ಸಹೋದರಿಯರೇ, ನಿಮ್ಮ ಮಗಳು ಹೆಬ್ಬೆರಳನ್ನು ಮಡಚಿ ಮುಂಗೈಗೆ ತಾಗಿಸುತ್ತಾಳೆಯೇ? ಕಿರುಬೆರಳನ್ನು ಹಿಂದಕ್ಕೆ ಬಾಗಿಸಿ ಗೆಳತಿಯರಿಗೆ ತೋರಿಸುತ್ತಾಳೆಯೇ? "ಮೂಳೆ ಮೆತ್ತಗಿದೆ, ಆಟಕ್ಕೆ ಬಿಡಬೇಡ" ಎಂದು ಮನೆಯ ಹಿರಿಯರು ಹೇಳಿರಬಹುದು. ಕೆಲವು ತಾಯಂದಿರ ಚಿಂತೆ ಮಗಳ ಮದುವೆಯವರೆಗೂ ಹೋಗುತ್ತದೆ. ಮಗುವಿಗಿನ್ನೂ ಒಂಬತ್ತು ವರ್ಷ!

ಇದು ಮೂಳೆಯ ದೋಷವಲ್ಲ. ಕೀಲನ್ನು ಹಿಡಿದಿಡುವ ನಾರುಗಳಲ್ಲಿ ಕೊಲಾಜೆನ್ ಎಂಬ ಪ್ರೋಟೀನ್ ಇರುತ್ತದೆ. ಕೆಲವರಲ್ಲಿ ಈ ನಾರುಗಳು ಹುಟ್ಟಿನಿಂದಲೇ ಹೆಚ್ಚು ಹಿಗ್ಗುತ್ತವೆ. ತಾಯಿಗೋ ತಂದೆಗೋ ಹಾಗೆಯೇ ಇರುವುದುಂಟು. ಕ್ಯಾಲ್ಸಿಯಂ ಟಾನಿಕ್ ಕುಡಿಸಿದ ಮಾತ್ರಕ್ಕೆ ಕೀಲು ಬಿಗಿಯಾಗುವುದಿಲ್ಲ.

ವೈದ್ಯರು ಇದನ್ನು 'ಹೈಪರ್‌ಮೊಬಿಲಿಟಿ' ಎನ್ನುತ್ತಾರೆ. ಎಷ್ಟು ಮಕ್ಕಳಲ್ಲಿದೆ? ಮುಂಬೈಯ ವೈದ್ಯರು 829 ಮಕ್ಕಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಕೀಲುಗಳು ಹೀಗಿದ್ದವು. ಯುರೋಪಿನವರಿಗಿಂತ ನಮ್ಮವರಲ್ಲಿ ಇದು ಹೆಚ್ಚು, ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ವಯಸ್ಸಾದಂತೆ ಕಡಿಮೆಯಾಗುತ್ತದೆ.

ಅಳೆಯುವುದು ಬೈಟನ್ ಅಂಕದಿಂದ. ಎರಡೂ ಕೈಗಳ ಕಿರುಬೆರಳು, ಹೆಬ್ಬೆರಳು, ಮೊಣಕೈ ಮತ್ತು ಎರಡೂ ಮೊಣಕಾಲುಗಳಿಗೆ ಒಂದೊಂದು ಅಂಕ. ಮಂಡಿ ಮಡಚದೆ ಬಾಗಿ ಅಂಗೈಯನ್ನು ನೆಲಕ್ಕೆ ಊರಿದರೆ ಇನ್ನೊಂದು. ಒಟ್ಟು 9. ಮೊದಲು 4 ಅಂಕ ಬಂದರೆ ಸಾಕಿತ್ತು. ಮಕ್ಕಳ ಮೈ ಸಹಜವಾಗಿಯೇ ಬಾಗುವುದರಿಂದ ಈಗ ಅವರಿಗೆ 6 ಬೇಕೆನ್ನುತ್ತಾರೆ. ಹೀಗೆ ಗೆರೆ ಬದಲಾದಂತೆ ಲೆಕ್ಕವೂ ಬದಲಾಗುತ್ತದೆ.

ಹೆಚ್ಚಿನ ಮಕ್ಕಳಿಗೆ ಯಾವ ತೊಂದರೆಯೂ ಇರುವುದಿಲ್ಲ. ಕೆಲವರಿಗೆ ಮಾತ್ರ ಓಡಾಡಿದ ದಿನ ಸಂಜೆ ಕಾಲು ನೋಯುತ್ತದೆ, ಬರೆಯುವಾಗ ಬೆರಳು ಬೇಗ ಸೋಲುತ್ತದೆ. ವಿಜಯನಗರ, ರಾಜಾಜಿನಗರದ ಎಷ್ಟೋ ಮಕ್ಕಳ ದಿನಚರಿ ನಿಮಗೆ ಗೊತ್ತೇ ಇದೆ: ಶಾಲೆ, ಮದ್ರಸ, ಆಮೇಲೆ ಟ್ಯೂಷನ್. ರಾತ್ರಿ "ಅಮ್ಮೀ, ಕೈ ನೋವು" ಎಂದರೆ ಹೋಮ್‌ವರ್ಕ್ ತಪ್ಪಿಸುವ ನೆಪವೆಂದು ಗದರುತ್ತೇವೆ. ಅಕ್ಷರ ಸೊಟ್ಟಗಾದರೆ ಸೋಮಾರಿ ಎನ್ನುತ್ತೇವೆ. ಆ ನೋವು ನಿಜವಿರಬಹುದು. ದಪ್ಪ ಪೆನ್ಸಿಲ್ ಕೊಡಿ, ನಡುನಡುವೆ ಬಿಡುವು ಕೊಡಿ, ತರಗತಿಯ ಟೀಚರಿಗೂ ತಿಳಿಸಿ.

ಆಟವನ್ನಂತೂ ನಿಲ್ಲಿಸಬೇಡಿ. ನಾರು ಸಡಿಲವಿದ್ದಾಗ ಕೀಲನ್ನು ಕಾಯುವುದು ಸ್ನಾಯು. ಕೂತಲ್ಲೇ ಕೂತರೆ ಅದೂ ಸೊರಗುತ್ತದೆ. ಹೆಣ್ಣುಮಕ್ಕಳನ್ನು ನಾವು ಬೇಗ ಕೂರಿಸಿಬಿಡುತ್ತೇವೆ, ಅದು ನನಗೆ ಸರಿ ಕಾಣುವುದಿಲ್ಲ. ಸೈಕಲ್, ಈಜು, ಮಹಡಿಯ ಮೇಲಿನ ಓಟ, ಯಾವುದಾದರೂ ಸರಿ. ಆದರೆ ನೆಂಟರೆದುರು ಬೆರಳು ಬಾಗಿಸಿ ತೋರಿಸು ಎಂದು ಹೇಳಬೇಡಿ.

ಕೀಲು ಊದಿಕೊಂಡರೆ, ಬೆಳಿಗ್ಗೆ ಎದ್ದಾಗ ಬಿಗಿದುಕೊಂಡಿದ್ದರೆ, ಜ್ವರ ಬಂದರೆ, ಮಗು ಕುಂಟಿದರೆ ಅಥವಾ ಕೀಲು ಪದೇ ಪದೇ ತಪ್ಪಿದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಇಎಸ್‌ಐ ಕಾರ್ಡ್ ಇರುವ ಮನೆಯವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಹತ್ತಿರದಲ್ಲೇ ಇದೆ. ನೋವು ಯಾವ ದಿನ, ಯಾವ ಹೊತ್ತಿಗೆ, ಎಲ್ಲಿ ಬರುತ್ತದೆಂದು ಎರಡು ವಾರ ಬರೆದಿಟ್ಟು ಆ ಚೀಟಿಯನ್ನೂ ಒಯ್ಯಿರಿ.